ಗಣಕಯಂತ್ರ ತಂತ್ರಾಂಶಗಳಿಗೆ ಕನ್ನಡ ಹೊರಮೈ ವಿನ್ಯಾಸ: ಆರಂಭಿಕ ಮಾಹಿತಿ

ತಂತ್ರಾಂಶವೊಂದರ ಕಾರ್ಯವಿಧಾನವನ್ನು ಬದಲಿಸದೆ, ಅದು ಪರದೆಯ ಮೇಲೆ ಕಾಣುವ ರೂಪವನ್ನು ಮಾತ್ರ ಬದಲಿಸುವ ಕಡತಗಳ ಗುಚ್ಛಕ್ಕೆ ಸ್ಕಿನ್ ಅಥವಾ ಹೊರಮೈ ಎಂದು ಹೆಸರು. ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಗಣಕಯಂತ್ರ ಬಳಸುವ ಆಸಕ್ತರು ಕನ್ನಡದ ಹೊರಮೈಯನ್ನು ತಾವೇ ಸಿದ್ಧಪಡಿಸಿಕೊಳ್ಳಲು ಅನುಕೂಲವಾಗುವಂತೆ ಈ ಮಾಹಿತಿಯನ್ನು ನೀಡಲಾಗಿದೆ. ಇದಕ್ಕೆ ಪ್ರೋಗ್ರಾಮಿಂಗ್ ಜ್ಞಾನದ ಅಗತ್ಯವಿರುವುದಿಲ್ಲ.

1998ರಲ್ಲಿ ಬಂದ ವಿನ್ಆಂಪ್ 2 ಸಂಗೀತ ತಂತ್ರಾಂಶದಿಂದ ಈ ಹವ್ಯಾಸ ಜನಪ್ರಿಯವಾಯಿತು. ಅದರ ಹೊರಮೈಯು ಕೆಲವು ಚಿತ್ರಕಡತಗಳನ್ನು ಒಟ್ಟುಗೂಡಿಸಿದ ಜಿಪ್ ಕಟ್ಟು ಮಾತ್ರವಾಗಿತ್ತು. ಅಕ್ಷರಗಳೂ ಚಿತ್ರಗಳೇ ಆಗಿದ್ದು, ಒಂದೊಂದು ಅಕ್ಷರಕ್ಕೆ 5 ಚುಕ್ಕಿ ಅಗಲ ಹಾಗೂ 6 ಚುಕ್ಕಿ ಎತ್ತರದ ಜಾಗವಿತ್ತು. ಒತ್ತಕ್ಷರ, ಗುಣಿತಾಕ್ಷರಗಳುಳ್ಳ ಕನ್ನಡಕ್ಕೆ ಇಷ್ಟು ಜಾಗ ಸಾಲದು. ಆದುದರಿಂದ ಕನ್ನಡಿಗರು ಅಕ್ಷರಗಳನ್ನು ಅಕ್ಷರಗಳಾಗಿಯೇ ತೋರಿಸುವ ತಂತ್ರಾಂಶದಿಂದ ಆರಂಭಿಸುವುದು ಸೂಕ್ತ.

ವಿಂಡೋಸ್‌ನಲ್ಲಿ ಉಚಿತವಾಗಿ ದೊರೆಯುವ ರೈನ್‌ಮೀಟರ್ ಅಂತಹ ಒಂದು ಮುಕ್ತ ತಂತ್ರಾಂಶ. ಹೆಸರು ಮಳೆಮಾಪಕದಂತಿದ್ದರೂ ಅದು ಮಳೆಯನ್ನು ಅಳೆಯುವುದಿಲ್ಲ. ಗಡಿಯಾರ, ದಿನಾಂಕ, ಬ್ಯಾಟರಿ ಮಟ್ಟ ಮುಂತಾದವುಗಳನ್ನು ಪರದೆಯ ಮೇಲೆ ತೋರಿಸುತ್ತದೆ. ಮಳೆಗಾಲದಲ್ಲಿ ಆಗಾಗ ವಿದ್ಯುತ್ ಕಡಿತವಾಗುವ ಮಲೆನಾಡಿನಲ್ಲಿ ಬ್ಯಾಟರಿ ಮಟ್ಟವನ್ನು ದಪ್ಪ ಅಕ್ಷರದಲ್ಲಿ ತೋರಿಸುವ ಹೊರಮೈ ಅಲಂಕಾರಕ್ಕಿಂತ ಹೆಚ್ಚಿನದಾಗಿರುತ್ತದೆ.

ತಂತ್ರಾಂಶದೊಂದಿಗೆ ಬರುವ ಇಲ್ಲಸ್ಟ್ರೋ ಎಂಬ ಮಾದರಿಯ ಪ್ರತಿಯನ್ನು ಮಾಡಿಕೊಂಡು, ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯತಕ್ಕದ್ದು. ಅದೊಂದು ಸಾದಾ ಪಠ್ಯಕಡತ. ಅದರಲ್ಲಿ 'ಮೆಷರ್' ಎಂಬ ಭಾಗ ಮಾಹಿತಿಯನ್ನು ತರುತ್ತದೆ, 'ಮೀಟರ್' ಎಂಬ ಭಾಗ ಅದನ್ನು ತೋರಿಸುತ್ತದೆ. ಬಣ್ಣವನ್ನು ಕೆಂಪು, ಹಸಿರು, ನೀಲಿಗಳಿಗೆ 0ಯಿಂದ 255ರವರೆಗಿನ ಅಂಕಿಗಳಲ್ಲಿ ಬರೆಯಬೇಕು; ನಾಲ್ಕನೆಯ ಅಂಕಿ ಪಾರದರ್ಶಕತೆಗೆ. ಒಂದು ಸಾಲನ್ನು ಬದಲಿಸಿ, ಉಳಿಸಿ, 'ರಿಫ್ರೆಶ್' ಒತ್ತಿ ಪರಿಣಾಮವನ್ನು ನೋಡಿದ ನಂತರವೇ ಮುಂದಿನ ಸಾಲಿಗೆ ಹೋಗುವುದು ಒಳ್ಳೆಯದು. 'ಸಬ್‌ಸ್ಟಿಟ್ಯೂಟ್' ಎಂಬ ಆಯ್ಕೆಯಿಂದ 0, 1, 2 ಅಂಕಿಗಳಿಗೆ ಬದಲಾಗಿ ೦, ೧, ೨ ಎಂದು ತೋರಿಸಬಹುದು. ವಾರ ಮತ್ತು ತಿಂಗಳ ಹೆಸರುಗಳಿಗೂ ಇದೇ ಕ್ರಮ ಅನ್ವಯಿಸುತ್ತದೆ.

ಕನ್ನಡ ಬರೆದ ಕೂಡಲೇ ಹೆಚ್ಚಿನವರು ಎದುರಿಸುವ ತೊಡಕು ಕಡತವನ್ನು ಉಳಿಸುವ ವಿಧಾನದ್ದು. ನೋಟ್‌ಪ್ಯಾಡ್‌ನ 'ಸೇವ್ ಆ್ಯಸ್' ಕಿಟಕಿಯಲ್ಲಿ ಎನ್‌ಕೋಡಿಂಗ್ ಎಂಬಲ್ಲಿ ಯುಟಿಎಫ್-16 ಎಲ್‌ಇ ಆಯ್ಕೆ ಮಾಡದಿದ್ದಲ್ಲಿ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳು ಮೂಡುತ್ತವೆ. ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಗಳಲ್ಲಿ ಟೈಪ್ ಮಾಡಿದ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸದೆ ಬಳಸಿದರೂ ಹೀಗೆಯೇ ಆಗುತ್ತದೆ, ಏಕೆಂದರೆ ಆ ಶೈಲಿಗಳಲ್ಲಿ ಕನ್ನಡವು ಇಂಗ್ಲಿಷ್ ಅಕ್ಷರಗಳ ಸಂಕೇತಗಳಲ್ಲಿ ಉಳಿದಿರುತ್ತದೆ. ಸರ್ಕಾರಿ ಸೇವೆಗಳ ಆನ್‌ಲೈನ್ ಅರ್ಜಿಯಲ್ಲಿ ಹೆಸರು, ವಿಳಾಸಗಳನ್ನು ಅಂತಹ ಪಠ್ಯದಿಂದ ಅಂಟಿಸುವವರೂ ಈ ಅಂಶವನ್ನು ಗಮನಿಸತಕ್ಕದ್ದು. ಹೊರಮೈ ಕೆಟ್ಟರೆ ಮತ್ತೆ ಬರೆಯಬಹುದು. ಪ್ರಮಾಣಪತ್ರದಲ್ಲಿ ಹೆಸರು ಕೆಟ್ಟರೆ ತಿದ್ದುಪಡಿಗೆ ಅಲೆಯಬೇಕಾಗುತ್ತದೆ.

ಅಕ್ಷರಶೈಲಿಯ ಆಯ್ಕೆಯೂ ಮುಖ್ಯ. ವಿಂಡೋಸ್ ಎಕ್ಸ್‌ಪಿಯೊಂದಿಗೆ ಬಂದ ಕನ್ನಡ ಶೈಲಿಗೆ ಶೃಂಗೇರಿಯಲ್ಲಿ ಹರಿಯುವ ನದಿಯದೇ ಹೆಸರು: ತುಂಗಾ. ವಿಂಡೋಸ್ 10ರಲ್ಲಿ ಅದನ್ನು ಐಚ್ಛಿಕ ಶೈಲಿಗಳ ಪಟ್ಟಿಗೆ ಸೇರಿಸಲಾಗಿರುವುದರಿಂದ ಎಲ್ಲಾ ಗಣಕಯಂತ್ರಗಳಲ್ಲಿ ಇರುವುದಿಲ್ಲ. ವಿಂಡೋಸ್ 8ರಿಂದ ಲಭ್ಯವಿರುವ ನಿರ್ಮಲಾ ಯುಐ ಬಳಸಬಹುದು, ಅಥವಾ ಮುಕ್ತ ಪರವಾನಗಿಯ ನೋಟೊ ಸ್ಯಾನ್ಸ್ ಕನ್ನಡ ಶೈಲಿಯನ್ನು ಹೊರಮೈಯ ಕಡತಕೋಶದೊಳಗೇ ಇರಿಸಬಹುದು. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಇಂಗ್ಲಿಷಿಗೆ ಸಾಕಾಗುವ ಎತ್ತರದಲ್ಲಿ ಅವು ಕತ್ತರಿಸಿಹೋಗುತ್ತವೆ. 'ಶೃಂಗೇರಿ'ಗಿಂತ 'ಕೊಪ್ಪ' ಎಂಬ ಪದವನ್ನು ಬರೆದು ಪರೀಕ್ಷಿಸುವುದು ಮೇಲು. ವಯಸ್ಸಾದವರು ನೋಡುವ ಪರದೆಯಾಗಿದ್ದರೆ ಚಿತ್ರದ ಮೇಲೆ ನೇರವಾಗಿ ಬರೆಯದೆ, ಅಕ್ಷರಗಳ ಹಿಂದೆ ಗಾಢ ಬಣ್ಣದ ಪಟ್ಟಿಯನ್ನು ಕೊಡಬೇಕು.

ಹಿನ್ನೆಲೆಗೆ ಭದ್ರಾ ಹಿನ್ನೀರಿನ ಅಥವಾ ಅಡಿಕೆ ತೋಟದ ಛಾಯಾಚಿತ್ರವನ್ನು ಸ್ವತಃ ತೆಗೆದು ಬಳಸುವುದು ಉತ್ತಮ. ಅಂತರ್ಜಾಲದಲ್ಲಿ ದೊರೆತ ಚಿತ್ರಗಳಿಗೆ 1957ರ ಕೃತಿಸ್ವಾಮ್ಯ ಕಾಯ್ದೆ ಅನ್ವಯಿಸುತ್ತದೆ. ಸರ್ಕಾರದ್ದೆಂದು ಭಾವನೆ ಮೂಡಿಸುವಂತೆ ರಾಷ್ಟ್ರಲಾಂಛನವನ್ನು ಬಳಸುವುದನ್ನು 2005ರ ಕಾಯ್ದೆಯು ನಿಷೇಧಿಸಿದೆ. ಬ್ಯಾಂಕಿನ ಅಥವಾ ಕಚೇರಿಯ ಪರದೆಯನ್ನು ಅನುಕರಿಸಿ ಇನ್ನೊಬ್ಬರ ಸೋಗಿನಲ್ಲಿ ವಂಚಿಸಿದಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 66ಡಿ ಕಲಮಿನನ್ವಯ ಮೂರು ವರ್ಷಗಳವರೆಗೆ ಸೆರೆವಾಸ ಹಾಗೂ ಒಂದು ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದಾಗಿದೆ.

ಸಿದ್ಧವಾದ ಹೊರಮೈಯನ್ನು ರೈನ್‌ಮೀಟರ್‌ನಲ್ಲಿಯೇ ಕಟ್ಟಾಗಿಸಿ ಇತರರಿಗೆ ನೀಡಬಹುದು. ಇತರರಿಂದ ಪಡೆಯುವ ಕಟ್ಟುಗಳಲ್ಲಿ ಚಿತ್ರಗಳಷ್ಟೇ ಅಲ್ಲದೆ ಪ್ಲಗಿನ್‌ಗಳೆಂಬ ಚಾಲನಾ ಕಡತಗಳೂ ಇರಬಹುದಾದ್ದರಿಂದ, ಅರ್ಜಿ ಮತ್ತು ಹಣಪಾವತಿಗೆ ಬಳಸುವ ಗಣಕಯಂತ್ರದಲ್ಲಿ ಅಪರಿಚಿತ ಮೂಲದ ಕಟ್ಟುಗಳನ್ನು ಅಳವಡಿಸತಕ್ಕದ್ದಲ್ಲ.