ಮಷೀನ್ ರಿಪೇರಿ ಆಯ್ತು, ಮನೆ ನಷ್ಟ ಯಾರು ಕೊಡ್ತಾರೆ?

ವಾಷಿಂಗ್ ಮಷೀನ್ ಸೋರಿ ನಿಮ್ಮ ಮರದ ಕಪಾಟು ಉಬ್ಬಿಹೋಯ್ತು ಅಂದ್ಕೊಳ್ಳಿ. ಕಂಪನಿಯವರು 'ವಾರಂಟಿಯಲ್ಲಿ ಬರೀ ಮಷೀನ್ ರಿಪೇರಿ' ಅಂತಾರೆ. ಅದು ಅರ್ಧ ಮಾತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 6ನೇ ಅಧ್ಯಾಯ ಇರೋದೇ 'ಉತ್ಪನ್ನ ಹೊಣೆಗಾರಿಕೆ' ಬಗ್ಗೆ: ದೋಷವಿರುವ ವಸ್ತುವಿನಿಂದ ಬೇರೆ ಆಸ್ತಿಗೆ ಆದ ಹಾನಿಗೂ ಪರಿಹಾರ ಕೇಳಬಹುದು. ತಮಾಷೆ ಅಂದ್ರೆ, ಇಲ್ಲಿ 'ಹಾನಿ' ಅನ್ನೋದರಲ್ಲಿ ಆ ಮಷೀನೇ ಸೇರಲ್ಲ! ಅದರ ದಾರಿ ಬೇರೆ.

ಆದರೆ ದೋಷ ಇತ್ತು ಅಂತ ತೋರಿಸಬೇಕಾದವರು ನಾವು. ಟೆಕ್ನಿಷಿಯನ್ ಒಡೆದ ಭಾಗ ತಗೊಂಡು ಹೋದ್ರೆ ಸಾಕ್ಷಿ ಅವರ ಬ್ಯಾಗಲ್ಲೇ ಹೋಯ್ತು. ಲಾಗ್ ಅಳಿಸಿ ಬಗ್ ಹುಡುಕಿದ ಹಾಗೆ! ಕರೆಂಟ್, ನಲ್ಲಿ ಬಂದ್ ಮಾಡಿದ ಕೂಡಲೇ ವಿಡಿಯೊ ತೆಗೀರಿ, ಸೀರಿಯಲ್ ನಂಬರ್ ಸಮೇತ. ಸೋರಿಕೆಗೆ ಕಾರಣ ಏನು ಅಂತ ಜಾಬ್ ಶೀಟ್‌ನಲ್ಲಿ ಬರೆಸಿಕೊಳ್ಳಿ. ಭಾಗ ನಿಮ್ಮ ಹತ್ತಿರವೇ ಇರಲಿ. ಆಯೋಗ ಅದನ್ನು ಲ್ಯಾಬ್ ಪರೀಕ್ಷೆಗೆ ಕಳಿಸಬಹುದು.

ಮಷೀನ್ ಹುಬ್ಬಳ್ಳಿಯಲ್ಲಿ ಕೊಂಡಿದ್ರೂ, ವಾಸ ಪುಣೆಯಲ್ಲಿದ್ರೆ ಪುಣೆಯ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ರೆ ಶುಲ್ಕ ಇಲ್ಲ. ಗಡುವು 2 ವರ್ಷ. 1915 ಸಹಾಯವಾಣಿ ರಾಜಿ ಮಾಡಿಸೋಕೆ ಪ್ರಯತ್ನಿಸುತ್ತೆ, ಆದೇಶ ಕೊಡೋದು ಆಯೋಗ ಮಾತ್ರ. ಅಲ್ಲೀವರೆಗೆ 'ಪೂರ್ಣ ಇತ್ಯರ್ಥ' ಅಂತಿರೋ ಕಾಗದಕ್ಕೆ ಓದದೆ ಸಹಿ ಹಾಕಬೇಡಿ.