ತೂಕದ ಬೆಂಚು: ಚೀಟಿ ನಂಬಬಹುದೇ?

ಪ್ರಶ್ನೆ: ಮನೆಯ ಜಿಮ್‌ಗೆ ಬೆಂಚು ಕೊಳ್ಳಬೇಕು. ‘300 ಕೆ.ಜಿ. ತಡೆಯುತ್ತದೆ’ ಎಂಬ ಚೀಟಿ ನೋಡಿ ತಂದರೆ ಸಾಕೇ?

ಉತ್ತರ: ಸಾಲದು. ಆ ಲೆಕ್ಕದಲ್ಲಿ ನಿಮ್ಮ ಮೈತೂಕವೂ ಸೇರಿದೆಯೇ ಎಂದು ಮೊದಲು ಕೇಳಿ. 80 ಕೆ.ಜಿ.ಯ ಆಸಾಮಿ 100 ಕೆ.ಜಿ. ಎತ್ತಲು ಮಲಗಿದರೆ ಬೆಂಚು ಹೊರಬೇಕಾದ್ದು 180. ನನಗೇನೋ ಚೀಟಿಗಿಂತ ಕಬ್ಬಿಣದ ಮೇಲೆ ನಂಬಿಕೆ ಜಾಸ್ತಿ. ಪೈಪಿನ ಗೇಜ್ ವಿಚಾರಿಸಿ. ಸಂಖ್ಯೆ ಇಳಿದಷ್ಟೂ ಉಕ್ಕು ದಪ್ಪ. 14 ಗೇಜ್ ಎಂದರೆ ಸುಮಾರು 2 ಮಿ.ಮೀ., 11 ಎಂದರೆ ಸುಮಾರು 3.

ಅಂಗಡಿಯಲ್ಲೇ ನಾಚದೆ ಮಲಗಿ, ಎಡಕ್ಕೂ ಬಲಕ್ಕೂ ಭಾರ ಹಾಕಿ ನೋಡಿ. ಒರಗುಹಲಗೆ ಏರಿಳಿಸುವ ಬೆಂಚಾದರೆ ಪಿನ್ ಕೂರುವ ತೂತನ್ನು ಗಮನಿಸಿ. ಹೊಸದರಲ್ಲೇ ಲೊಡಲೊಡ ಎಂದರೆ ಬಳಸುತ್ತಾ ಅದು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು. ಬರೀ ಬೆಂಚ್‌ಪ್ರೆಸ್ ಸಾಕೆನ್ನುವವರಿಗೆ ಚಪ್ಪಟೆ ಬೆಂಚೇ ಲೇಸು. ಸಡಿಲಾಗಲು ಕೀಲೇ ಇರುವುದಿಲ್ಲ, ದುಡ್ಡೂ ಉಳಿಯುತ್ತದೆ.

ಎತ್ತರ? ಅಂತರರಾಷ್ಟ್ರೀಯ ಪವರ್‌ಲಿಫ್ಟಿಂಗ್ ನಿಯಮದಲ್ಲಿ 42ರಿಂದ 45 ಸೆಂ.ಮೀ., ಅಗಲ 29ರಿಂದ 32. ಕುಳ್ಳಗಿದ್ದು ಪಾದ ಪೂರ್ತಿ ಊರದಿದ್ದರೆ ಕಾಲಡಿ ಗಟ್ಟಿಯಾದ ತೂಕದ ಪ್ಲೇಟ್ ಇಟ್ಟುಕೊಳ್ಳಿ.