ಬಚ್ಚಲಮನೆಯ ಗ್ಯಾಸ್ ಗೀಜರ್: ನಾವು ಮಾಡಬಹುದಾದುದು, ಮೆಕ್ಯಾನಿಕ್‌ಗೆ ಬಿಡಬೇಕಾದುದು

ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಪರಿಸರದ ಅನೇಕ ಮನೆಗಳಲ್ಲಿ ತಾಮ್ರದ ಹಂಡೆಯ ಸ್ಥಾನಕ್ಕೆ ಈಗ ಗ್ಯಾಸ್ ಗೀಜರ್ ಬಂದಿದೆ. ಇಷ್ಟಲಿಂಗ ಪೂಜೆಗೆ ಮುನ್ನ ನಸುಕಿನಲ್ಲಿಯೇ ಮನೆಮಂದಿಯೆಲ್ಲ ಒಬ್ಬರ ಹಿಂದೊಬ್ಬರು ಸ್ನಾನ ಮಾಡುವ ಮನೆಗಳಿಗೆ ಇದು ದೊಡ್ಡ ಅನುಕೂಲವೇ ಸರಿ. ಅದು ಕೆಟ್ಟಾಗ ನಾವೇ ಬಿಚ್ಚುವುದೋ, ಮೆಕ್ಯಾನಿಕ್‌ನನ್ನು ಕರೆಸುವುದೋ ಎಂಬುದನ್ನು ಹಣದ ಲೆಕ್ಕದಿಂದಲೇ ನಿರ್ಧರಿಸುವವರು ಹೆಚ್ಚು. ಆರೋಗ್ಯದ ಲೆಕ್ಕ ಹಾಕಿದರೆ ಉತ್ತರ ಬದಲಾಗುತ್ತದೆ.

ನಮ್ಮ ನೆಲ ಸುಣ್ಣಕಲ್ಲಿನದು. ಮನೆಗೆ ಹಾಸುವ ಫರಸಿಯನ್ನು ಕೊಡುವ ಪದರುಗಳ ನಡುವಿನಿಂದಲೇ ಕೊಳವೆಬಾವಿಯ ನೀರೂ ಬರುವುದರಿಂದ ಅದು ಗಡಸು. ನೀರು ಕಾದಂತೆಲ್ಲ ಸುಣ್ಣದ ಅಂಶ ಗೀಜರಿನ ತಾಮ್ರದ ಕೊಳವೆಯೊಳಗೆ ಬಿಳಿಯ ಪದರವಾಗಿ ಕಟ್ಟುತ್ತದೆ. ಬಿಸಿ ಸಾಲದೆಂದು ನಾವು ಉರಿಯನ್ನು ಹೆಚ್ಚಿಸುತ್ತೇವೆ. ಇತ್ತ ಕಲ್ಲು ಕೊಯ್ಯುವ ಊರಿನ ಧೂಳು ಬರ್ನರಿನ ಸಣ್ಣ ರಂಧ್ರಗಳಲ್ಲಿ ಸೇರುತ್ತದೆ. ಗಾಳಿ ಸಾಲದ ಉರಿ ಹಳದಿಗೆ ತಿರುಗಿ ಮಸಿ ಕಟ್ಟುತ್ತದೆ. ಆ ಉರಿಯಿಂದ ಹುಟ್ಟುವುದೇ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ.

ಸಿಲಿಂಡರಿನ ಅನಿಲ ಸೋರಿದರೆ ಅದಕ್ಕೆ ಬೆರೆಸಿದ ದುರ್ವಾಸನೆ ನಮ್ಮನ್ನು ಎಚ್ಚರಿಸುತ್ತದೆ. ಈ ವಿಷಾನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಚಳಿಯೆಂದು ಗವಾಕ್ಷಿಗೆ ರಟ್ಟು ಅಡ್ಡವಿಟ್ಟ ಬಚ್ಚಲಲ್ಲಿ ನಾಲ್ಕು ಜನ ಮಿಂದ ಮೇಲೆ ಐದನೆಯವರಾಗಿ ಒಳಗೆ ಹೋಗುವವರಿಗೆ ಅಪಾಯ ಎಲ್ಲರಿಗಿಂತ ಹೆಚ್ಚು. ನಮ್ಮ ಮನೆಗಳಲ್ಲಿ ಕೊನೆಗೆ ಸ್ನಾನ ಮಾಡುವವರು ಯಾರೆಂಬುದನ್ನು ಹೇಳಬೇಕಾಗಿಲ್ಲ.

ಗೀಜರಿನ ಹೊದಿಕೆಯನ್ನು ತೆರೆಯದೆ ಮಾಡಬಹುದಾದ ಕೆಲಸಗಳೆಲ್ಲ ನಮ್ಮವು. ಕಿಡಿ ಹತ್ತದಿದ್ದರೆ ಬ್ಯಾಟರಿ ಬದಲಿಸಬಹುದು. ನೀರು ಸಣ್ಣಗೆ ಬಂದರೆ ನಳ ಮುಚ್ಚಿ, ಒಳಬರುವ ಕೊಳವೆಯ ಬಾಯಲ್ಲಿರುವ ಜಾಲರಿಯನ್ನು ತೊಳೆಯಬಹುದು. ಪೈಪಿನ ಜೋಡಣೆಗಳಿಗೆ ಸಾಬೂನಿನ ನೊರೆ ಹಚ್ಚಿ, ಗುಳ್ಳೆ ಏಳುವುದೋ ಎಂದು ನೋಡಬಹುದು. ಕಡ್ಡಿ ಗೀರಿ ನೋಡುವ ಹುಚ್ಚು ಸಾಹಸ ಎಂದಿಗೂ ಬೇಡ. ಐ.ಎಸ್.ಐ. ಗುರುತಿನ ಕಿತ್ತಳೆ ಬಣ್ಣದ ಸುರಕ್ಷಾ ಪೈಪಿನ ಆಯುಷ್ಯ 5 ವರ್ಷ. ಅದರ ಮೇಲಿನ ವರ್ಷವನ್ನು ಓದಿ ಇಟ್ಟುಕೊಳ್ಳುವುದೂ ನಮ್ಮದೇ ಕೆಲಸ. ಉರಿಯ ಬಣ್ಣವನ್ನು ದಿನವೂ ಗಮನಿಸಬೇಕು. ಅದು ನೀಲಿಯಾಗಿರಬೇಕು.

ಹಳದಿ ಕಂಡ ದಿನವೇ ಗೀಜರ್ ನಿಲ್ಲಿಸಿ, ತಯಾರಿಕಾ ಕಂಪನಿಯ ಅಧಿಕೃತ ಮೆಕ್ಯಾನಿಕ್‌ನನ್ನು ಕರೆಸಬೇಕು. ಬರ್ನರ್, ಗ್ಯಾಸ್ ವಾಲ್ವ್, ಮಸಿ ಹಿಡಿದ ತಾಮ್ರದ ಪಟ್ಟಿಗಳು, ಹೊಗೆ ಹೋಗುವ ದಾರಿ ಇವು ಅವನ ಪಾಲಿನವು. ಸುಣ್ಣ ಕರಗಿಸಲೆಂದು ಶೌಚಾಲಯ ತೊಳೆಯುವ ಆಸಿಡ್ ಸುರಿಯುವವರಿದ್ದಾರೆ. ಅದು ಸುಣ್ಣದೊಡನೆ ತಾಮ್ರವನ್ನೂ ತಿನ್ನುತ್ತದೆ. ಚಳಿ ಆರಂಭವಾಗುವ ಮುನ್ನ, ದೀಪಾವಳಿಯ ಹೊತ್ತಿಗೆ ವರ್ಷಕ್ಕೊಮ್ಮೆ ಶುಚಿ ಮಾಡಿಸಿದರೆ ಒಳ್ಳೆಯದು.

ಇಷ್ಟಾದರೂ ಎಂತಹ ಮೆಕ್ಯಾನಿಕ್‌ನೂ ಸರಿಪಡಿಸಲಾಗದ ದೋಷವೊಂದಿದೆ: ಗೀಜರ್ ಬಚ್ಚಲಿನ ಒಳಗೇ ಇರುವುದು. ಅದನ್ನು ಹೊರಗೋಡೆಗೆ, ಗಾಳಿಯಾಡುವಲ್ಲಿ ಕೂಡಿಸಿ, ಬಿಸಿನೀರಿನ ಕೊಳವೆಯನ್ನು ಮಾತ್ರ ಒಳಗೆ ತರಬೇಕು. ಅಲ್ಲಿಯವರೆಗೆ ಗವಾಕ್ಷಿ, ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿಕೊಂಡು, ಗೀಜರ್ ಆರಿಸಿ, ಒಳಗಿನ ಗಾಳಿ ಹೊರಹೋದ ಮೇಲೆ ಸ್ನಾನ ಮಾಡುವುದು ಖರ್ಚಿಲ್ಲದ ಉಪಾಯ.

ಸ್ನಾನದ ವೇಳೆ ತಲೆನೋವು, ತಲೆಸುತ್ತು, ವಾಕರಿಕೆ ಅಥವಾ ಕಾಲಲ್ಲಿ ಬಲವಿಲ್ಲದಂತಾದರೆ ಕೂಡಲೇ ಹೊರಬರಬೇಕು. ಪ್ರಜ್ಞೆ ತಪ್ಪಿದವರನ್ನು ತೆರೆದ ಗಾಳಿಗೆ ಎತ್ತಿ ತಂದು, ರೆಗ್ಯುಲೇಟರ್ ಮುಚ್ಚಿ, 108ಕ್ಕೆ ಕರೆ ಮಾಡಬೇಕು. ಇದನ್ನು ಮೂರ್ಛೆರೋಗವೆಂದೋ ಹೃದಯಾಘಾತವೆಂದೋ ತಪ್ಪಾಗಿ ತಿಳಿಯುವುದುಂಟು. ನಮ್ಮ ದೇಶದ ವೈದ್ಯರು ಇದಕ್ಕೆ ಗ್ಯಾಸ್ ಗೀಜರ್ ಸಿಂಡ್ರೋಮ್ ಎಂಬ ಹೆಸರನ್ನೇ ಕೊಟ್ಟಿದ್ದಾರೆ. ಕೊರೊನಾ ಕಾಲದಲ್ಲಿ ಕೊಂಡ ಆಕ್ಸಿಮೀಟರನ್ನು ಬೆರಳಿಗೆ ಹಾಕಿ, ಅಂಕಿ ಸರಿಯಿದೆಯೆಂದು ಸಮಾಧಾನಪಡಬಾರದು. ವಿಷಾನಿಲ ಹಿಡಿದ ರಕ್ತವನ್ನೂ ಅದು ಆಮ್ಲಜನಕ ತುಂಬಿದ ರಕ್ತವೆಂದೇ ತೋರಿಸುತ್ತದೆ. ಬಚ್ಚಲಲ್ಲಿ ಗ್ಯಾಸ್ ಗೀಜರ್ ಉರಿಯುತ್ತಿತ್ತೆಂಬ ಮಾತನ್ನು ವೈದ್ಯರಿಗೆ ಮೊದಲೇ ಹೇಳಿದರೆ ಅವರು ಅದಕ್ಕೆ ತಕ್ಕ ರಕ್ತಪರೀಕ್ಷೆ ಮಾಡಿಸಿ, ತಡವಿಲ್ಲದೆ ಶುದ್ಧ ಆಮ್ಲಜನಕ ಕೊಡಬಲ್ಲರು.